ಥರ್ಡ್ ಅಂಪೈರ್ ಮೇಡಂ

ದೊಡ್ಡಬೆಳವಂಗಲದ ಸ್ಕೂಲ್ ಮೈದಾನದಲ್ಲಿ ಫೈನಲ್ ಮ್ಯಾಚಿನ ಕೊನೆಯ ಓವರ್. ಊರ ತಂಡಕ್ಕೆ ಉಳಿದಿದ್ದ ಕೊನೆಯ ವಿಕೆಟ್ಟು ಕ್ಯಾಪ್ಟನ್ ಮುನಿರಾಜನದು. ಅವನು ಬೀಸಿದ ಬ್ಯಾಟಿನ ಪಕ್ಕದಿಂದ ಟೆನಿಸ್ ಬಾಲು ಹಾದು ಕೀಪರನ ಕೈ ಸೇರಿತು. ಆವತಿ ತಂಡದವರೆಲ್ಲ ಒಟ್ಟಿಗೆ ಅರಚಿದರು. ತಗುಲಿತೋ ಇಲ್ಲವೋ ಎಂದು ಅಂಪೈರ್ ಚಿಕ್ಕಬೀರಪ್ಪ ಮೇಷ್ಟ್ರು ಗಡ್ಡ ಕೆರೆದುಕೊಳ್ಳುತ್ತಿರುವಾಗಲೇ, ಕಂಬಕ್ಕೆ ಕಟ್ಟಿದ್ದ ಧ್ವನಿವರ್ಧಕದ ಹಾರ್ನ್‌ಗಳಿಂದ ಹೆಂಗಸೊಬ್ಬಳ ದನಿ ಖಡಕ್ಕಾಗಿ "ಔಟ್" ಎಂದಿತು. ಮೇಷ್ಟ್ರ ಬೆರಳು ತಾನಾಗಿಯೇ ಮೇಲೆದ್ದಿತು.

ಆ ದನಿ ಹೇಳಿದ್ದು "ಔಟ್‌ಪುಟ್ ಡಿವೈಸ್" ಎಂದು. ಮಿಕ್ಕದ್ದು ಆವತಿಯವರ ಶಿಳ್ಳೆಯಲ್ಲಿ ಮುಳುಗಿಹೋಯಿತು.

ಶಾಮಿಯಾನದಡಿ, ಎರಡೂ ಕಿವಿಗೆ ಇಯರ್‌ಫೋನು ಬಿಗಿಯಾಗಿ ತುರುಕಿಕೊಂಡು, ಲ್ಯಾಪ್‌ಟಾಪಿನ ಮುಂದೆ ಕೂತಿದ್ದ ಸೌಂಡಿನ ಬೈರೇಶನಿಗೆ ಇದ್ಯಾವುದೂ ಗೊತ್ತಾಗಲಿಲ್ಲ. ಹುಟ್ಟಿನಿಂದಲೂ ಕಣ್ಣು ಕಾಣದ ಅವನು, ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುವ ಸ್ಕ್ರೀನ್ ರೀಡರನ್ನು ನಂಬಿ ಕೆಲಸ ಮಾಡುವವನು. ಆ ದನಿ ತನ್ನ ಕಿವಿಗೆ ಮಾತ್ರ ಬರಬೇಕು, ಹಾಡು ಊರಿಗೆಲ್ಲ ಕೇಳಬೇಕು ಎಂದು ಎರಡು ಸೌಂಡ್ ಕಾರ್ಡ್ ಇಟ್ಟುಕೊಂಡಿದ್ದ. ಲ್ಯಾಪ್‌ಟಾಪಿನ ಒಳಗಿನದಕ್ಕೆ ಇಯರ್‌ಫೋನು, ಹೊರಗೆ ವೈರಿನಲ್ಲಿ ಸಿಕ್ಕಿಸಿದ್ದ ಬೆರಳುದ್ದದ ಇನ್ನೊಂದಕ್ಕೆ ಆಂಪ್ಲಿಫೈಯರು. ಪಕ್ಕದಲ್ಲಿ ಮೈಕು ಹಿಡಿದು ಕಾಮೆಂಟರಿ ಹೇಳುತ್ತಿದ್ದ ಗೆಳೆಯ ಅಫ್ಸರ್, ಹಿಂದಿನ ಬಾಲು ಬೌಂಡರಿಗೆ ಹೋದ ಖುಷಿಗೆ ಕುರ್ಚಿಯಿಂದ ಹಾರಿ, ಆ ವೈರನ್ನು ಕಾಲಲ್ಲಿ ಕಿತ್ತುಬಿಟ್ಟಿದ್ದ. ಬೈರೇಶ ತಡಕಾಡಿ ಮತ್ತೆ ಸಿಕ್ಕಿಸಿದ. ಸಿಕ್ಕಿಸಿದ್ದೇ ತಡ, ಕಂಪ್ಯೂಟರು ಎಲ್ಲ ದನಿಯನ್ನೂ ಅದಕ್ಕೇ ಕಳಿಸತೊಡಗಿತು. ಇವನ ಕಿವಿಯಲ್ಲಿ ಮಾತ್ರ ಏನೂ ಇಲ್ಲ. ದನಿ ಎಲ್ಲಿ ಹೋಯಿತಪ್ಪಾ ಎಂದು ಸೆಟ್ಟಿಂಗಿನೊಳಗೆ ಹುಡುಕುತ್ತ ಒಂದೇ ಸಮನೆ ಕೀಲಿ ಒತ್ತುತ್ತಿದ್ದ.

"ಯಾವೋಳೋ ಅವ್ಳು, ನಂಗೆ ಔಟ್ ಕೊಡೋಕೆ?" ಮುನಿರಾಜ್ ಬ್ಯಾಟ್ ಹಿಡಿದೇ ಶಾಮಿಯಾನಕ್ಕೆ ನುಗ್ಗಿದ.

"ಥರ್ಡ್ ಅಂಪೈರ್ ಕಣೋ! ಮೇಡಂ ಕೊಟ್ಟಾಯ್ತು, ನಡಿ ಆಚೆಗೆ," ಎಂದು ಆವತಿಯ ಕ್ಯಾಪ್ಟನ್ ಆನಂದ್ ಅವನ ಬೆನ್ನಿಗೇ ಬಂದ.

ಬೈರೇಶ ಗಾಬರಿಯಿಂದ ಇಯರ್‌ಫೋನ್ ಕಿತ್ತ. ಬೆರಳು ಇನ್ನೊಂದು ಕೀಲಿಗೆ ತಾಗಿತು. "ಔಟ್‌ಪುಟ್ ವಾಲ್ಯೂಮ್ ನೂರು," ಎಂದು ನಾಲ್ಕೂ ದಿಕ್ಕಿನಿಂದ ಹೆಂಗಸು ಗುಡುಗಿದಳು. ದನಿ ಎಲ್ಲಿಗೆ ಹೋಗಿತ್ತೆಂದು ಅವನಿಗೆ ಈಗ ಗೊತ್ತಾಯಿತು. ಸುತ್ತಮುತ್ತಲ ಊರಿನ ಟೂರ್ನಮೆಂಟ್ ನಡೆಸುವವರೆಲ್ಲ ಅಲ್ಲೇ ಕೂತಿದ್ದರು. ಇನ್ನು ಇವನನ್ನು ಯಾರು ಕರೆಯುತ್ತಾರೆ?

"ಅಣ್ಣಾ, ಮೇಡಮ್ಮೂ ಇಲ್ಲ ಯಾರೂ ಇಲ್ಲ. ಮಾತಾಡ್ತಿರೋದು ನನ್ ಕಂಪ್ಯೂಟ್ರು."

"ಕಂಪ್ಯೂಟ್ರಾ? ಹಂಗಾದ್ರೆ ತಪ್ಪೇ ಆಗಲ್ಲ ಬಿಡು," ಎಂದು ಆನಂದ್ ನೆಮ್ಮದಿಯಿಂದ ಕುರ್ಚಿ ಎಳೆದು ಕೂತ.

ಮುನಿರಾಜ್ ಬೈರೇಶನ ಕಿವಿಗೆ ಬಗ್ಗಿದ. "ಲೇ, ನಮ್ಮೂರೋನು ನೀನು. ನಾಟೌಟ್ ಅನ್ನಿಸ್ಬಿಡೋ."

"ಯಾರೂ ಏನೂ ಅನ್ನಿಸ್ಬೇಡ್ರಿ! ಔಟ್ ಕೊಟ್ಟೋನು ನಾನು," ಏದುಸಿರು ಬಿಡುತ್ತ ಬಂದ ಚಿಕ್ಕಬೀರಪ್ಪ ಮೇಷ್ಟ್ರು ಕೂಗಿದರು.

"ಅವ್ಳು ಅಂದ್ಮೇಲೆ ತಾನೇ ಮೇಷ್ಟ್ರೇ, ನೀವು ಬೆರಳೆತ್ತಿದ್ದು?" ಎಂದು ಮುನಿರಾಜ್ ತಿರುಗಿಬಿದ್ದ.

ಮೇಷ್ಟ್ರು ಮತ್ತೆ ಗಡ್ಡ ಕೆರೆದುಕೊಂಡು, "ಅಷ್ಟು ಗ್ಯಾರಂಟಿಯಾಗಿ ಹೇಳುದ್ರಲ್ಲಪ್ಪಾ ಆಯಮ್ಮ," ಎಂದರು.

ಅಲ್ಲಿಂದ ಜಗಳ ಹತ್ತಿಕೊಂಡಿತು. "ಆ ಬಾಲ್ ಇನ್ನೊಂದ್ಸಲ ಹಾಕ್ಸಿ ಮೇಷ್ಟ್ರೇ," ಎಂದು ಬೈರೇಶ ಗಂಟಲು ಹರಿಯುವಂತೆ ಕೂಗಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕುರ್ಚಿಗಳು ಉರುಳಿದವು. ಅಫ್ಸರನ ಕೈಯಿಂದ ಯಾರೋ ಮೈಕು ಕಿತ್ತುಕೊಂಡು ಅದರಲ್ಲೇ ಬೈಯತೊಡಗಿದರು. ಬೈರೇಶ ಅಲ್ಲಾಡುತ್ತಿದ್ದ ಟೇಬಲ್ಲನ್ನು ಮೊಣಕೈಯಿಂದ ಒತ್ತಿ ಹಿಡಿದು, ಕನ್ನಡದಲ್ಲಿ ಎರಡು ಸಾಲು ಟೈಪ್ ಮಾಡಿ, ಓದುವ ವೇಗ ತಗ್ಗಿಸಿ, ಕೀಲಿ ಒತ್ತಿದ.

"ಎಲ್ಲರೂ ನಿಮ್ಮ ನಿಮ್ಮ ಜಾಗಕ್ಕೆ ಹೋಗಿ. ಆ ಬಾಲನ್ನು ಮತ್ತೊಮ್ಮೆ ಹಾಕಬೇಕು. ಧನ್ಯವಾದಗಳು."

ಇಡೀ ಮೈದಾನ ಗಪ್‌ಚಿಪ್ಪಾಯಿತು. "ಆಯ್ತು ಮೇಡಂ," ಎಂದು ಆನಂದ್ ಎದ್ದು ನಿಂತ. ಮುನಿರಾಜ್ ಕೂಡ ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಪಿಚ್ಚಿನತ್ತ ನಡೆದ. ಬೈರೇಶ ಆ ಬಿಡುವಿನಲ್ಲಿ ಯಾವ ದನಿ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಕಳಿಸಿ, ಇಯರ್‌ಫೋನ್ ಸಿಕ್ಕಿಸಿಕೊಂಡು, ಹಣೆಯ ಬೆವರು ಒರೆಸಿದ.

ಬೌಲರ್ ಓಡಿ ಬಂದ. ಸ್ಟಂಪ್ ಮುರಿದ ಸದ್ದು ಶಾಮಿಯಾನದವರೆಗೂ ಕೇಳಿತು.

"ಕ್ಲೀನ್ ಬೋಲ್ಡ್!" ಮೈಕು ವಾಪಸ್ ಪಡೆದಿದ್ದ ಅಫ್ಸರ್ ಕೂಗಿದ. "ಆದ್ರೆ ಮುನಿರಾಜಣ್ಣ ಹೋಗ್ತಾ ಇಲ್ಲ! ಹಾರ್ನ್ ಕಡೆ ನೋಡ್ಕೊಂಡು ನಿಂತವ್ರೆ! ಇನ್ನೂ ನೋಡ್ತವ್ರೆ... ಹೊರಟ್ರು, ಹೊರಟ್ರು!"

ಕಪ್ ಆವತಿಗೆ ಹೋಯಿತು. ಸಂಜೆ ಬೈರೇಶ ವೈರು ಸುತ್ತುತ್ತಿರುವಾಗ ಹತ್ತಿರದಲ್ಲಿ ಯಾರೋ ಕೆಮ್ಮಿದರು. ಸಮೇತನಹಳ್ಳಿ ಟೂರ್ನಮೆಂಟಿನ ಕಾರ್ಯದರ್ಶಿ ಗಂಗಣ್ಣ. ಬೈಗುಳ ಕೇಳಲು ಬೈರೇಶ ಮನಸ್ಸು ಗಟ್ಟಿ ಮಾಡಿಕೊಂಡ.

"ಬರೋ ಭಾನುವಾರ ನಮ್ಮೂರಿಗೆ ಬರ್ಬೇಕು ಗುರು. ಮೇಡಂನ ಬಿಟ್ಟು ಬರ್ಬೇಡ ಮತ್ತೆ."

"ಅಣ್ಣಾ, ಅದು ಬರೀ ಸಾಫ್ಟ್‌ವೇರು..."

"ಹೂಂ ಕಣಪ್ಪಾ, ಸಾಫ್ಟಾಗಿ ಹೇಳಿದ್ಕೇ ಎಲ್ರೂ ಕೇಳಿದ್ದು." ಗಂಗಣ್ಣ ದನಿ ತಗ್ಗಿಸಿದ. "ಊಟಕ್ಕೆ ಹೇಳ್ಬೇಕಲ್ಲ, ಮೇಡಂ ವೆಜ್ಜೋ ನಾನ್‌ವೆಜ್ಜೋ?"

ಬೈರೇಶ ಅರ್ಧ ಸುತ್ತಿದ ವೈರು ಹಿಡಿದು ಸ್ವಲ್ಪ ಯೋಚಿಸಿದ.

"ನಾನ್‌ವೆಜ್ಜು," ಎಂದ. "ಪೀಸ್ ಒಂಚೂರು ಜಾಸ್ತಿ ಇರ್ಲಿ. ನಾಲ್ಕ್ ಜನದ ಮುಂದೆ ತಿನ್ನೋಕೆ ನಾಚ್ಕೋತಾರೆ, ಪಾರ್ಸಲ್ ಕಟ್ಸಿ ನನ್ ಕೈಗೇ ಕೊಟ್ಬಿಡಿ."