ಗುಡ್ಡದ ಮೇಲೆ ನಿಂತವನು

ಕಾಫಿ ಬಗ್ಗಿಸುತ್ತಿದ್ದ ಓರ್ಫಾ ಕಿಟಕಿಯಾಚೆ ನೋಡಿ ಹಾಗೇ ನಿಂತುಬಿಟ್ಟಳು. “ಗುಡ್ಡದ ಮೇಲೆ ಯಾರಪ್ಪಾ ಅದು?”

“ಯಾರೂ ಇಲ್ಲಮ್ಮ, ಕಲ್ಲಿನ ಕಂಬ ಅಷ್ಟೇ.” ಅಮೆರಿಕದ ವಯೋಮಿಂಗ್‌ನಲ್ಲಿ ದನ ಮೇಯುವ ಬಯಲುಗಳ ನಕ್ಷೆ ಬರೆಯಲು ಬಂದು, ಅವಳ ಮನೆಯಲ್ಲಿ ಊಟಕ್ಕೆ ಕೂತಿದ್ದ ಥರ್ಲೋ ನಕ್ಕ. “ಅಳತೆ ಮಾಡೋವಾಗ ದೂರದಿಂದ ಗುರಿ ಹಿಡಿಯೋಕೆ ಈಗಷ್ಟೇ ಪೇರಿಸಿ ಬಂದೆ. ಪುಣ್ಯಕ್ಕೆ ಕಲ್ಲು ಅಲ್ಲೇ ರಾಶಿ ಬಿದ್ದಿತ್ತು.”

“ಬಿದ್ದಿದ್ದಲ್ಲ. ದನ ಹುಡುಕ್ಕೊಂಡು ಹೋಗಿ ಹಿಮಗಾಳಿಗೆ ಸಿಕ್ಕಿ ಸತ್ತ ನನ್ನ ಮಗನ್ನ ಅಲ್ಲೇ ಮಣ್ಣು ಮಾಡಿದ್ದು. ತೋಳ ಕೆದಕಬಾರ್ದು ಅಂತ ಆ ಕಲ್ಲೆಲ್ಲ ನಾನೇ ಹೊತ್ತು ಹೇರಿದ್ದೆ.”

ಥರ್ಲೋ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗಿಟ್ಟ. ಬೆರಳ ಸಂದಿಯಲ್ಲಿ ಆ ಕಲ್ಲುಗಳ ಧೂಳು ಇನ್ನೂ ಇತ್ತು. “ತಪ್ಪಾಯ್ತಮ್ಮ, ಈಗ್ಲೇ ಹೋಗಿ ಕೆಡವಿ, ಮೊದಲಿನ ಹಾಗೇ ಹರಡ್ತೀನಿ” ಎಂದು ಎದ್ದ.

ಓರ್ಫಾ ಅವನ ತೋಳು ಹಿಡಿದಳು. ಸಂಜೆ ಬಿಸಿಲಿಗೆ ಕಂಬದ ನೆರಳು ಇಳಿಜಾರಿನುದ್ದಕ್ಕೂ ಮನೆಯತ್ತ ಚಾಚಿತ್ತು.

“ಬೇಡಪ್ಪಾ. ಈಗ ತಾನೇ ಎದ್ದು ನಿಂತಿದಾನೆ. ಮತ್ತೆ ಮಲಗಿಸ್ಬೇಡ.”