ಕಟ್ಟಿಹಾಕಿದ ಹೊನ್ನೆಮರ

ಮರಗಳು ನಡೆದಾಡುವುದು ಶಿಬಿರದಲ್ಲಿ ಯಾರಿಗೂ ಸೋಜಿಗವಾಗಿರಲಿಲ್ಲ. ದಾರಿ ತಪ್ಪಿದರೆಂದು ಮನೆಯವರು ಕಾಡಿಗೆ ಕಳಿಸಿದ ಹುಡುಗ ಹುಡುಗಿಯರಿಗೆ ತಲೆಗೊಂದು ಮರ. ಬೆಳಗಾದೊಡನೆ ಅದನ್ನು ಹುಡುಕಿ ಬುಡದಲ್ಲಿ ಕೂರಬೇಕು. ಮೇದಿನಿಯ ಹೊನ್ನೆಮರಕ್ಕೆ ಒಂದು ಕಡೆ ಕಾಲು ನಿಲ್ಲುತ್ತಿರಲಿಲ್ಲ. ಹುಡುಕಿ ಹುಡುಕಿ ರೋಸಿಹೋದ ಅವಳು ನಿನ್ನೆ ಸಂಜೆ ಅದನ್ನು ಹಗ್ಗದಿಂದ ಬಂಡೆಗೆ ಬಿಗಿದಿದ್ದಳು.

ಇವತ್ತು ಎಲೆಗಳೆಲ್ಲ ಜೋತುಬಿದ್ದಿದ್ದವು.

"ನೀರು ಹುಡುಕ್ಕೊಂಡು ಹೋಗ್ತಿತ್ತು ಕಣವ್ವ, ಕಟ್ಟಾಕ್ಬುಟ್ಟಲ್ಲ!" ಎಂದರು ಶಿಬಿರ ನಡೆಸುವ ಮಾಳಮ್ಮ.

"ಹೇಳದೆ ಕೇಳದೆ ಓಡಿಹೋದ್ರೆ ಕಟ್ಟದೆ ಇನ್ನೇನ್ ಮಾಡ್ಲಿ?" ಎಂದು ಸಿಡುಕಿದಳು ಮೇದಿನಿ. ಅವಳ ಕೋಣೆಗೆ ಹೊರಗಿನಿಂದ ಚಿಲಕ ಹಾಕುವಾಗ ಅಪ್ಪ ಹೇಳುತ್ತಿದ್ದ ಮಾತೂ ಅದೇ.

ಹಗ್ಗ ಕುಯ್ದಳು. ಮರ ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಬುಡದ ಮಣ್ಣು ಅಲುಗಿತು. ಮೇದಿನಿ ಚೀಲ ಹೆಗಲಿಗೇರಿಸಿ ಮರದತ್ತ ತಿರುಗಿದಳು.

"ಎಲ್ಲಿಗೆ ಅಂತ ಕೇಳಲ್ಲ. ನಡಿ, ನಾನೂ ಬರ್ತೀನಿ."