ಇಬ್ಬರ ನಾಟಕ

ಹನ್ನೆರಡು ನಿಮಿಷವಾಗಿತ್ತು. ಕುರ್ಚಿಗಳಲ್ಲಿ ಕೂತಿದ್ದ ಇಬ್ಬರೂ ಇನ್ನೂ ಹಲ್ಲು ಬಿಟ್ಟಿರಲಿಲ್ಲ.

ಆ ಕೋಣೆಯಲ್ಲಿ ಇದ್ದದ್ದೇ ಎರಡು ಕುರ್ಚಿ. ಒಂದರಲ್ಲಿ ಬೂದು ಕೋಟಿನ ಗಂಡಸು, ಇನ್ನೊಂದರಲ್ಲಿ ಕೈಚೀಲ ತಬ್ಬಿಕೊಂಡ ಹೆಂಗಸು. ಅವರೆದುರು ಭಾವ ಮತ್ತು ಭಾವಮೈದುನ ಒಂದು ಏಣಿ ಹಿಡಿದು ನಿಂತಿದ್ದರು. ಏಣಿ ಯಾವುದಕ್ಕೂ ಒರಗಿರಲಿಲ್ಲ. ನಾಟಕವೇ ಅದು: ಯಾರೋ ಒಬ್ಬ ಮೂರು ವರ್ಷದ ಹಿಂದೆ ಏಣಿ ಹತ್ತಿದವನು ಇನ್ನೂ ಇಳಿದಿಲ್ಲ. ಇವರಿಬ್ಬರು ಹಿಡಿದುಕೊಂಡೇ ಇದ್ದಾರೆ.

“ಮೇಲೆ ಹೋದವನು ಇನ್ನೂ ಬರ್ಲಿಲ್ವಲ್ಲೋ,” ಎಂದ ಭಾವ.

“ಮೇಲೆ ಹೋದವರು ವಾಪಸ್ ಬಂದದ್ದುಂಟಾ?” ಎಂದ ಮೈದುನ.

ಗಂಡಸು ಕಣ್ಣು ಮಿಟುಕಿಸಿದ. ಹೆಂಗಸು ಕೈಚೀಲದಿಂದ ಕರವಸ್ತ್ರ ತೆಗೆದು, ಮಡಚಿ, ಮತ್ತೆ ಒಳಗಿಟ್ಟಳು. ಭಾವ-ಮೈದುನರ ಬೆನ್ನ ಹಿಂದಿನ ಕಪ್ಪು ಪರದೆಯಾಚೆ, ಪಕ್ಕದ ನಾಟಕದಲ್ಲಿ, ಜನ ಹೋ ಎಂದು ನಕ್ಕರು. ಭಾವನಿಗೆ ಹೊಟ್ಟೆ ಉರಿಯಿತು.

ಇವತ್ತು ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು ನಗು. ಹೆಂಡತಿಯ, ಅಂದರೆ ಮೈದುನನ ಅಕ್ಕನ, ಷರತ್ತು ಅದು. ಮದುವೆಯಾದ ಹೊಸದರಲ್ಲಿ ಅಕ್ಕ ಅವನ ನಾಟಕ ನೋಡಿ ಬಿಕ್ಕಳಿಕೆ ಬರುವಷ್ಟು ನಗುತ್ತಿದ್ದಳು. ಆಮೇಲೆ ಹನ್ನೊಂದು ವರ್ಷ, ಹನ್ನೊಂದು ನಾಟಕ. ಒಂದಕ್ಕೂ ಅವಳು ಮುಖ ಸಡಿಲಿಸಲಿಲ್ಲ. ಬೆಳಿಗ್ಗೆ ಅವನ ಪ್ಯಾಂಟಿನ ಹಿಂಬದಿ ಹೊಲಿಯುತ್ತಾ ತೀರ್ಪು ಕೊಟ್ಟಿದ್ದಳು.

“ಒಬ್ರು ನಕ್ರೂ ಸಾಕು, ಮುಂದಿನ ವರ್ಷಾನೂ ಮಾಡಿ. ಯಾರೂ ನಗ್ಲಿಲ್ಲಾಂದ್ರೆ ನಾಳೆಯಿಂದ ದೊಡ್ಡಕ್ಕನ ಗಂಡನ ಗುಜರಿ ಅಂಗಡೀಲಿ ತಕ್ಕಡಿ ಹಿಡೀರಿ. ಆ ಏಣೀನೂ ಅಲ್ಲಿಗೇ. ಇನ್ನೊಂದು ಮಾತು, ಈ ಬಟ್ಟೆ ಲಡ್ಡಾಗಿದೆ. ಬಗ್ಗಬೇಡಿ.”

“ನೀನೂ ಬಾರೇ.”

“ನಾನ್ಯಾಕೆ ಬರ್ಲಿ? ಟಿಕೆಟ್ ತಗೊಂಡು ಬೇರೆ ಯಾವುದಾದ್ರೂ ಒಳ್ಳೇ ನಾಟಕ ನೋಡ್ತೀನಿ. ಸಾಕ್ಷಿಗೆ ನನ್ನ ತಮ್ಮ ಇದ್ದಾನಲ್ಲ. ಸುಳ್ಳು ಹೇಳಿದ್ರೆ ಅವನ ಕಿವಿ ಕೆಂಪಾಗುತ್ತೆ.”

ಉತ್ಸವ ನಡೆಯುತ್ತಿದ್ದದ್ದು ಮುಚ್ಚಿಹೋದ ಒಂದು ಛತ್ರಿ ಕಾರ್ಖಾನೆಯಲ್ಲಿ. ಕೋಣೆಗೊಂದು ನಾಟಕ. ಏಣಿಯನ್ನು ಬಸ್ಸಿನವನು ಹತ್ತಿಸಿಕೊಳ್ಳಲಿಲ್ಲವೆಂದು ನಡೆದೇ ಬಂದದ್ದರಿಂದ ಇವರಿಗೆ ತಡವಾಗಿತ್ತು. ಕೋಣೆಯ ನಂಬರು ಬರೆದ ಚೀಟಿ ಇನ್ನೊಂದು ಪ್ಯಾಂಟಿನ ಜೇಬಿನಲ್ಲಿ ಉಳಿದಿತ್ತು. ಗೇಟಿನಲ್ಲಿ ಪಟ್ಟಿ ಹಿಡಿದು ನಿಂತಿದ್ದ ಮೇಲ್ವಿಚಾರಕಿಯನ್ನೇ ಕೇಳಬೇಕಾಯಿತು.

“ಇಬ್ಬರ ನಾಟಕ ಎಲ್ಲಿ ಮೇಡಂ?”

“ಇಬ್ಬರ ನಾಟಕಾನಾ? ಮೂರನೇ ಕೋಣೆ. ಓಡಿ, ಆಗ್ಲೇ ಶುರುವಾಗಿಬಿಟ್ಟಿದೆ!”

ನಾವಿಲ್ಲದೆ ಹೇಗೆ ಶುರುವಾಯಿತು ಎಂದು ಕೇಳುವ ವ್ಯವಧಾನ ಭಾವನಿಗಿರಲಿಲ್ಲ. ಹಿಂಬಾಗಿಲಿನಲ್ಲಿ ಏಣಿ ತೂರಿಸಿಕೊಂಡು ನುಗ್ಗಿದ್ದರು. ಲೈಟಿನವನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ, ದೀಪಗಳೆಲ್ಲ ಕುರ್ಚಿಯಲ್ಲಿದ್ದವರ ಮುಖದ ಮೇಲೇ ಬಿದ್ದಿದ್ದವು.

ಇಪ್ಪತ್ತು ನಿಮಿಷವಾಯಿತು. ಭಾವ ಏಣಿಯ ಮೆಟ್ಟಿಲುಗಳಿಗೆ ಹೆಸರಿಟ್ಟು ಹಾಜರಿ ಕರೆದ. ಮೈದುನ ಮೂರನೇ ಮೆಟ್ಟಿಲಿನ ಪರವಾಗಿ ಎರಡು ದಿನ ರಜೆ ಕೇಳಿದ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕೋಣವಾದರೂ ಕಿವಿ ಆಡಿಸುತ್ತದೆ. ಈ ಗಂಡಸು ತುಟಿ ಕಚ್ಚಿಕೊಂಡು ಚಾವಣಿ ನೋಡಿದ. ಆಚೆ ಕಡೆ ಮಾತ್ರ ನಗುವೋ ನಗು.

ಮೇಲಿನವನ ಹೆಜ್ಜೆ ಸದ್ದು ಕೇಳಲು ಭಾವ ಏಣಿಯ ಬುಡಕ್ಕೆ ಕಿವಿಯಿಟ್ಟು ಬಗ್ಗಿದ. ಪರ್ ಎಂದಿತು.

“ಹಿಂದೆ ಹರೀತು ಕಣೋ,” ಎಂದು ಪಿಸುಗುಟ್ಟಿದ.

“ಇರ್ಲಿ ಬಿಡಿ ಭಾವ, ಹಿಂದೆ ಯಾರಿದ್ದಾರೆ? ಪರದೆ ತಾನೆ?”

ಆಚೆ ಚಾವಣಿ ಹಾರಿಹೋಗುವಂಥ ನಗು ಎದ್ದಿತು. “ನೀರು, ನೀರು ಕೊಡಿ ಇವರಿಗೆ” ಎಂದು ಯಾರೋ ಕೂಗಿದರು.

“ನೋಡೋ, ಅಲ್ಲಿ ನಕ್ಕು ನಕ್ಕು ಸಾಯ್ತಿದಾರೆ. ನಮ್ಮ ಹಣೇಲಿ ಈ ಎರಡು ಕಂಬ ಬರೆದಿದೆ.”

ಹಾಗೆನ್ನುವಾಗ ಭಾವನಿಗೆ ನಿಜವಾಗಿಯೇ ಅಳು ಬಂತು. ಹನ್ನೊಂದು ವರ್ಷದ ದುಡಿಮೆ ನಾಳೆ ಹಳೇ ಕಬ್ಬಿಣದ ಜೊತೆ ತೂಕಕ್ಕೆ ಹೋಗುತ್ತದಲ್ಲ ಎಂದು ಸಂಕಟವಾಯಿತು. ಏಣಿಯನ್ನು ಮೈದುನನಿಗೆ ಬಿಟ್ಟು ಹೆಂಗಸಿನ ಮುಂದೆ ಹೋಗಿ ನಿಂತ.

“ಅಮ್ಮಾ, ಇದು ನಾಟಕದ ಮಾತಲ್ಲ. ಒಂದೇ ಒಂದು ಸಲ ನಕ್ಕುಬಿಡಿ. ಸುಳ್ಳುಸುಳ್ಳೇ ನಕ್ರೂ ಆಯ್ತು. ಇಲ್ಲಾಂದ್ರೆ ನಾಳೆಯಿಂದ ನಾನು ಹಳೇ ಪೇಪರ್ ತೂಗಬೇಕು.”

ಹೆಂಗಸಿನ ಗಲ್ಲ ನಡುಗಿತು. ಕಣ್ಣಂಚಿನಲ್ಲಿ ನೀರೂ ಬಂತು. “ನಾವು ನಗೋ ಹಾಗಿಲ್ಲ ಸರ್,” ಎಂದಳು, ತುಟಿ ಅಲುಗಿಸದೆ.

“ಇದಕ್ಕೇ ಒಂದು ತಿಂಗಳು ಅಭ್ಯಾಸ ಮಾಡಿದ್ದೀವಿ. ಕೆಡಿಸಬೇಡಿ,” ಎಂದ ಗಂಡಸು, ಹಲ್ಲು ಕಚ್ಚಿಕೊಂಡು.

ನಗದಿರುವುದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದಾರೆ! ಇನ್ನು ದೇವರೇ ಏಣಿ ಇಳಿದು ಬಂದರೂ ಪ್ರಯೋಜನವಿಲ್ಲ. ಭಾವ ಸೋತ. ಆದರೂ ನಟ ನಟನೇ, ವಂದಿಸದೆ ಹೊರಡುವುದುಂಟೆ? ಇಬ್ಬರಿಗೂ ಸೊಂಟ ಬಗ್ಗಿಸಿ ಕೈಮುಗಿದ. ಅಳಿದುಳಿದ ಹೊಲಿಗೆಯೂ ಪರ್ ಎಂದಿತು.

ಕುರ್ಚಿಯಲ್ಲಿದ್ದ ಇಬ್ಬರೂ ಎದ್ದರು. ಒಬ್ಬರ ಕೈಯನ್ನೊಬ್ಬರು ಹಿಡಿದು, ಬಗ್ಗಿದ್ದ ಅವನ ತಲೆಯ ಮೇಲಿಂದ, ಪರದೆಯ ಕಡೆಗೆ ತಾವೂ ವಂದಿಸಿದರು.

ಸೊಳ್ಳೆಪರದೆಯಷ್ಟು ತೆಳುವಾಗಿದ್ದ ಆ ಕಪ್ಪು ಬಟ್ಟೆ ಸರಸರನೆ ಪಕ್ಕಕ್ಕೆ ಸರಿಯಿತು. ಅದರಾಚೆಯ ಕತ್ತಲಲ್ಲಿ ಎಪ್ಪತ್ತು ಕುರ್ಚಿ, ಎಪ್ಪತ್ತೂ ಭರ್ತಿ. ಕಂಬಕ್ಕೆ ಅಂಟಿಸಿದ ದೊಡ್ಡ ಕಾಗದದ ಮೇಲೆ ಆ ಕೋಣೆಯ ನಾಟಕದ ಹೆಸರಿತ್ತು: ‘ಪ್ರೇಕ್ಷಕರು: ನಗಲಾರದ ಇಬ್ಬರ ನಾಟಕ’. ಮೊದಲ ಸಾಲಿನಲ್ಲಿ, ಒಂದು ಕೈಯಲ್ಲಿ ಟಿಕೆಟ್ಟು, ಇನ್ನೊಂದರಲ್ಲಿ ನೀರಿನ ಬಾಟಲಿ ಹಿಡಿದು ಅಕ್ಕ ಕೂತಿದ್ದಳು.

“ಬಗ್... ಹಿಕ್... ಬಗ್ಗಬೇಡಿ ಅಂತ ಹೇಳಿರ್ಲಿಲ್ವಾ?”